‘ಹಕ್ಕು ಕೊಟ್ಟದ್ದು ದೇವರು’ ಅಂದಮೇಲೆ ಅವರು ಏನೆಂದರು?

ಪ್ರಶ್ನೆ: ನಾನು ದಾವಣಗೆರೆಯವಳು. ಹದಿನೈದು ವರ್ಷದಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಹೋದ ವರ್ಷ ಪೌರತ್ವ ಸಿಕ್ಕಿತು, ಈ ಸಲ ನನ್ನ ಮೊದಲ ವೋಟು. ಪಕ್ಕದ ಮನೆಯವರು ಒಂದು ಚುನಾವಣಾ ಸಭೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಅಭ್ಯರ್ಥಿಯೊಬ್ಬರು ಹೇಳಿದರು: “ನಮ್ಮ ಹಕ್ಕುಗಳು ಸರ್ಕಾರ ಕೊಟ್ಟದ್ದಲ್ಲ, ದೇವರು ಕೊಟ್ಟದ್ದು. ಸರ್ಕಾರ ಕೊಟ್ಟದ್ದಾದರೆ ನಾಳೆ ಸರ್ಕಾರವೇ ಕಿತ್ತುಕೊಳ್ಳಬಹುದು. ದೇವರು ಕೊಟ್ಟದ್ದನ್ನು ಮುಟ್ಟುವ ಅಧಿಕಾರ ಯಾರಿಗೂ ಇಲ್ಲ.” ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿಜ ಹೇಳ್ತೀನಿ, ನನಗೂ ಮೈ ಜುಮ್ಮೆಂದಿತು. ಮನೆಗೆ ಬಂದು ಹೇಳಿದರೆ ನಮ್ಮವರು “ಅದೆಲ್ಲ ವೋಟಿನ ಲೆಕ್ಕಾಚಾರ, ಮರುಳಾಗಬೇಡ” ಅಂದರು. ಹೈಸ್ಕೂಲಿನಲ್ಲಿ ಡಿಬೇಟ್ ಮಾಡುವ ಮಗ “ಈ ದೇಶ ಕಟ್ಟಿದವರಿಗೆ ದೇವರ ಮೇಲೆ ನಂಬಿಕೆಯೇ ಇರಲಿಲ್ಲ” ಅಂತಾನೆ. ಪಕ್ಕದ ಮನೆಯವರು “ಎಲ್ಲರೂ ಪಕ್ಕಾ ಕ್ರೈಸ್ತರು” ಅಂತಾರೆ. ದಿನಾ ಲಿಂಗಪೂಜೆ ಮಾಡುವ ನಾನು ಆ ‘ನಮ್ಮ ಹಕ್ಕು’ ಅನ್ನುವ ಮಾತಿನ ಒಳಗಿದ್ದೇನಾ, ಹೊರಗಿದ್ದೇನಾ? ಇನ್ನೊಂದು ವಿಷಯ. ನಮ್ಮೂರಲ್ಲಿ ದೇವಸ್ಥಾನ ಕಟ್ಟಲು ನಗರಸಭೆಯ ಅನುಮತಿ ಕೇಳಿದ್ದೇವೆ. ಸಭೆಯಲ್ಲಿ ನನಗೆ 3 ನಿಮಿಷ ಮಾತಾಡಲು ಅವಕಾಶವಿದೆ. ಇದೇ ವಾದವನ್ನು ನಾನೂ ಹೂಡಬಹುದಾ?

ಉತ್ತರ: ಮೈ ಜುಮ್ಮೆಂದದ್ದಕ್ಕೆ ಸಂಕೋಚ ಬೇಡಮ್ಮ. ಆ ಮಾತಿಗೆ ನಿಜವಾಗಿಯೂ ಶಕ್ತಿಯಿದೆ, ಇನ್ನೂರೈವತ್ತು ವರ್ಷದಿಂದ ಅಮೆರಿಕದಲ್ಲಿ ಅದು ಜನರನ್ನು ಎಬ್ಬಿಸಿ ನಿಲ್ಲಿಸಿದೆ. ನೀವು ಅದರ ಒಳಗಿದ್ದೀರಾ ಹೊರಗಿದ್ದೀರಾ ಅನ್ನುವುದನ್ನು ಮಾತ್ರ ಆ ಮೂರು ವಾಕ್ಯ ಹಿಡಿದು ಹೇಳಲು ಬರುವುದಿಲ್ಲ. ಅಭ್ಯರ್ಥಿ ಅದರ ಮುಂದೆ ಏನೆಂದರು ಅಂತ ಗೊತ್ತಾಗಬೇಕು. ನಿಮ್ಮ ಪತ್ರದಲ್ಲಿ ಅದು ಇಲ್ಲ. ಚಪ್ಪಾಳೆಯಲ್ಲಿ ನಿಮಗೆ ಕೇಳಿಸಲಿಲ್ಲವೇನೋ.

ಮೈಸೂರಿನ ಕಾಲೇಜೊಂದರಲ್ಲಿ 28 ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದೆ. ರಾಜಕೀಯ ಭಾಷಣಗಳನ್ನು ಬಿಡಿಸಿ ಓದುವುದು ನನ್ನ ಮುಖ್ಯ ಕೆಲಸವಾಗಿತ್ತು. ಪ್ರತಿ ವರ್ಷ ಮೊದಲ ವಾರ ಹುಡುಗರಿಗೆ ಒಂದು ಹಾಳೆ ಕೊಡುತ್ತಿದ್ದೆ. ಅದರಲ್ಲಿ ಒಂದೇ ವಾಕ್ಯ: ‘ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ.’ ಕೆಳಗೆ ಖಾಲಿ ಜಾಗ. ಮುಂದಿನ ವಾಕ್ಯ ನೀವು ಬರೆಯಿರಿ ಅನ್ನುತ್ತಿದ್ದೆ. ಒಬ್ಬ ‘ಆದ್ದರಿಂದ ಜಾತಿ ಹೋಗಬೇಕು’ ಅಂತ ಬರೆದ. ಇನ್ನೊಬ್ಬ ‘ಆದ್ದರಿಂದ ನಮ್ಮ ಸಂಪ್ರದಾಯದಲ್ಲಿ ಕೋರ್ಟು ಕೈ ಹಾಕಬಾರದು’ ಅಂತ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಆದ್ದರಿಂದ ನನ್ನ ಮದುವೆ ನಾನೇ ತೀರ್ಮಾನ ಮಾಡುತ್ತೇನೆ’ ಅಂತ ಬರೆದು, ಹಾಳೆ ಮಡಿಚಿ ಕೊಟ್ಟಳು. ಅವಳ ಪಕ್ಕದಲ್ಲಿ ಕೂತಿದ್ದವಳು ‘ಆದ್ದರಿಂದ ದೇವರಿಗೆ ತಗ್ಗಿ ಬಗ್ಗಿ ನಡೆಯಬೇಕು’ ಅಂತ. ಮೊದಲ ವಾಕ್ಯ ನಾಲ್ವರಿಗೂ ಒಂದೇ. ಆ ನಾಲ್ಕು ಹಾಳೆ ನೋಡಿದ ಮೇಲೆ ನಾನು ಯಾವ ಭಾಷಣವನ್ನೂ ದೇವರ ಹೆಸರು ಬಂದ ಕಡೆ ನಿಲ್ಲಿಸಿ ಓದಿಲ್ಲ.

ಆ ವಾದ ಕೆಲಸ ಮಾಡುವ ರೀತಿ ಸರಳ. ಹಕ್ಕನ್ನು ಆಳುವವರ ಕೈಗೆ ಎಟುಕದ ಎತ್ತರಕ್ಕೆ ಎತ್ತಿಡುತ್ತದೆ. ಕೊಟ್ಟವನು ರಾಜನಾದರೆ ರಾಜ ವಾಪಸ್ ಕೇಳಬಹುದು. ಕೊಟ್ಟವನು ರಾಜನಿಗಿಂತ ದೊಡ್ಡವನಾದರೆ ರಾಜ ಬರೀ ಕಾವಲುಗಾರ. ದಬ್ಬಾಳಿಕೆಗೆ ಸಿಕ್ಕವರಿಗೆ ಇದು ದೊಡ್ಡ ಆಸರೆ. ಇದು ಒಂದು ಪಕ್ಷದ ಸೊತ್ತೂ ಅಲ್ಲ. 1961ರ ಜನವರಿಯಲ್ಲಿ ಪ್ರಮಾಣವಚನ ತೆಗೆದುಕೊಂಡ ದಿನ ಡೆಮಾಕ್ರಟಿಕ್ ಪಕ್ಷದ ಜಾನ್ ಕೆನಡಿ ಇದನ್ನೇ ಹೇಳಿದ್ದರು: ಮನುಷ್ಯನ ಹಕ್ಕು ಬರುವುದು ಸರ್ಕಾರದ ಔದಾರ್ಯದಿಂದ ಅಲ್ಲ, ದೇವರ ಕೈಯಿಂದ. ಹಾಗಾಗಿ ನಿಮ್ಮ ಯಜಮಾನರು ಹೇಳಿದಂತೆ ಇದನ್ನು ಬರೀ ವೋಟಿನ ಲೆಕ್ಕಾಚಾರ ಅಂತ ತಳ್ಳಿಹಾಕಬೇಡಿ.

ಆದರೆ ಹಕ್ಕು ಎಲ್ಲಿಂದ ಬಂತು ಅನ್ನುವಲ್ಲಿಗೆ ಆ ಮಾತು ನಿಲ್ಲುತ್ತದೆ. ಯಾವ ಹಕ್ಕು, ಯಾರಿಗೆಲ್ಲ ಇದೆ, ನನ್ನ ಹಕ್ಕು ನಿಮ್ಮ ಹಕ್ಕಿಗೆ ಅಡ್ಡ ಬಂದರೆ ಏನು ಮಾಡಬೇಕು, ಇದ್ಯಾವುದೂ ಅದರಲ್ಲಿಲ್ಲ.

ಮೂಲ ಪತ್ರವನ್ನೇ ತೆಗೆದುಕೊಳ್ಳಿ. 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ, ಎಲ್ಲರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ, ಯಾರೂ ಕಸಿಯಲಾಗದ ಕೆಲವು ಹಕ್ಕುಗಳನ್ನು ಸೃಷ್ಟಿಕರ್ತ ಅವರಿಗೆ ಕೊಟ್ಟಿದ್ದಾನೆ ಅಂತ ಇದೆ. ವೇದಿಕೆಯ ಮೇಲೆ ಎಲ್ಲರೂ ಇಷ್ಟಕ್ಕೆ ನಿಲ್ಲಿಸುತ್ತಾರೆ. ಅದರ ಬೆನ್ನಿಗೇ ಬರುವ ಮಾತು ಇದು: ಈ ಹಕ್ಕುಗಳನ್ನು ಕಾಪಾಡುವುದಕ್ಕೇ ಜನ ಸರ್ಕಾರ ಮಾಡಿಕೊಳ್ಳುತ್ತಾರೆ, ಅದರ ಅಧಿಕಾರ ಬರುವುದು ಆಳಿಸಿಕೊಳ್ಳುವವರ ಒಪ್ಪಿಗೆಯಿಂದ. ಹಕ್ಕು ದೇವರಿಂದ ಬಂದರೂ ಅಧಿಕಾರ ಜನರಿಂದಲೇ ಬರಬೇಕು. ನನಗೆ ದೇವರು ಹೇಳಿದ್ದಾನೆ, ಆದ್ದರಿಂದ ನಾನು ಆಳುತ್ತೇನೆ ಅನ್ನುವವರಿಗೆ ಆ ಘೋಷಣೆಯಲ್ಲಿ ಜಾಗವಿಲ್ಲ. ಇದನ್ನು ಬರೆದ ಥಾಮಸ್ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಜಾಸ್ತಿ ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವರು. ಇದನ್ನೂ ನಿಮ್ಮ ಮಗನಿಗೆ ಹೇಳಿ. ‘ಎಲ್ಲರೂ’ ಅಂತ ಬರೆದವರಿಗೇ ಎಲ್ಲರೂ ಕಾಣುತ್ತಿರಲಿಲ್ಲ.

ಈಗ ಮಗನದ್ದು ಸರಿಯೋ, ಪಕ್ಕದ ಮನೆಯವರದ್ದು ಸರಿಯೋ? ಇಬ್ಬರದ್ದೂ ಅರ್ಧ ಸರಿ. ಜೆಫರ್ಸನ್ ಪವಾಡಗಳನ್ನು ನಂಬುತ್ತಿರಲಿಲ್ಲ. ಬೈಬಲ್ಲಿನ ಸುವಾರ್ತೆಗಳಿಂದ ಪವಾಡದ ಭಾಗ ಬಿಟ್ಟು, ಯೇಸುವಿನ ಉಪದೇಶವನ್ನಷ್ಟೇ ಬ್ಲೇಡಿನಿಂದ ಕತ್ತರಿಸಿ ಅಂಟಿಸಿಕೊಂಡು ಓದುತ್ತಿದ್ದವರು. ಇನ್ನೊಂದು ಕಡೆ, ವರ್ಜೀನಿಯಾದಲ್ಲಿ ಧಾರ್ಮಿಕ ಸ್ವಾತಂತ್ರ್ಯಕ್ಕೆ ಬೀದಿಯಲ್ಲಿ ಹೋರಾಡಿದವರು ಅಪ್ಪಟ ಭಕ್ತರಾದ ಬ್ಯಾಪ್ಟಿಸ್ಟರು, ಕ್ರೈಸ್ತರದ್ದೇ ಇನ್ನೊಂದು ಪಂಥದವರು. ಅಲ್ಲಿ ಆಂಗ್ಲಿಕನ್ ಚರ್ಚು ಸರ್ಕಾರಿ ಚರ್ಚು. ಲೈಸೆನ್ಸ್ ಇಲ್ಲದೆ ಬೋಧನೆ ಮಾಡಿದರು ಅಂತ ಬ್ಯಾಪ್ಟಿಸ್ಟ್ ಬೋಧಕರನ್ನು ಜೈಲಿಗೆ ಹಾಕುತ್ತಿದ್ದರು. 1774ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜೇಮ್ಸ್ ಮ್ಯಾಡಿಸನ್ ಗೆಳೆಯನಿಗೆ ಬರೆದ ಪತ್ರದಲ್ಲಿ, ಪಕ್ಕದ ಕೌಂಟಿಯ ಜೈಲಿನಲ್ಲಿ ಐದಾರು ಒಳ್ಳೆಯ ಮನುಷ್ಯರು ಇದೇ ಕಾರಣಕ್ಕೆ ಕೂತಿದ್ದಾರೆ ಅಂತ ಸಂಕಟಪಟ್ಟಿದ್ದಾರೆ. ಜಾನ್ ಲೆಲ್ಯಾಂಡ್ ಎಂಬ ಬ್ಯಾಪ್ಟಿಸ್ಟ್ ಬೋಧಕ 1791ರಲ್ಲಿ, ಗಣಿತದ ಸೂತ್ರಗಳಿಗೂ ಸರ್ಕಾರಕ್ಕೂ ಎಷ್ಟು ಸಂಬಂಧವೋ ಜನರ ಧಾರ್ಮಿಕ ನಂಬಿಕೆಗೂ ಅದಕ್ಕೂ ಅಷ್ಟೇ ಸಂಬಂಧ ಅಂತ ಬರೆದ. ಭಕ್ತರಿಗೆ ತಮ್ಮ ಚರ್ಚು ಸರ್ಕಾರದಿಂದ ಉಳಿಯಬೇಕಿತ್ತು, ಸಂದೇಹಿಗಳಿಗೆ ಸರ್ಕಾರ ಚರ್ಚಿನಿಂದ ಉಳಿಯಬೇಕಿತ್ತು. ಇಬ್ಬರೂ ಸೇರಿಯೇ ಆ ಕೆಲಸ ಮಾಡಿದರು. 1787ರ ಸಂವಿಧಾನದಲ್ಲಿ ‘ನಮ್ಮ ಪ್ರಭುವಿನ ವರ್ಷ’ ಅಂತ ತಾರೀಖು ಹಾಕಿದ್ದು ಬಿಟ್ಟರೆ ದೇವರ ಪ್ರಸ್ತಾಪವೇ ಇಲ್ಲ. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಇರಕೂಡದು ಅಂತ ಮಾತ್ರ ಸ್ಪಷ್ಟವಾಗಿ ಇದೆ.

ನೀವು ಒಳಗಿದ್ದೀರಾ ಅನ್ನುವುದಕ್ಕೆ ಹತ್ತಿರದ ಉತ್ತರ ಸಿಗುವುದು 1786ರ ಜನವರಿಯಲ್ಲಿ. ಧಾರ್ಮಿಕ ಸ್ವಾತಂತ್ರ್ಯಕ್ಕೆ ಜೆಫರ್ಸನ್ ಬರೆದಿಟ್ಟಿದ್ದ ಮಸೂದೆಯನ್ನು ವರ್ಜೀನಿಯಾದ ಶಾಸನಸಭೆ ಪಾಸು ಮಾಡಿದ್ದು ಆಗ. ‘ಸರ್ವಶಕ್ತನಾದ ದೇವರು ಮನಸ್ಸನ್ನು ಸ್ವತಂತ್ರವಾಗಿ ಸೃಷ್ಟಿಸಿದ್ದಾನೆ’ ಅಂತ ಶುರುವಾಗುತ್ತದೆ. ವಾದ ಹೀಗೆ ಸಾಗುತ್ತದೆ: ನಮ್ಮ ಧರ್ಮದ ಪವಿತ್ರ ಕರ್ತೃವಿಗೆ ದೇಹದ ಮೇಲೂ ಮನಸ್ಸಿನ ಮೇಲೂ ಅಧಿಕಾರವಿತ್ತು. ಆದರೂ ಬಲವಂತದಿಂದ ಧರ್ಮ ಹಬ್ಬಿಸಲಿಲ್ಲ. ಅವನೇ ಮಾಡದ್ದನ್ನು ಶಾಸಕರು ಮಾಡಲು ಹೊರಡುವುದು ತಪ್ಪು. ದೇವರನ್ನೇ ಮುಂದಿಟ್ಟುಕೊಂಡು ದೇವರ ಹೆಸರಿನ ಬಲವಂತವನ್ನು ತಡೆಯುವ ಈ ಪಟ್ಟು ನನಗೆ ತುಂಬಾ ಇಷ್ಟ.

ಚರ್ಚೆಯಲ್ಲಿ ಕೆಲವರು ಒಂದು ತಿದ್ದುಪಡಿ ತಂದರು. ‘ಧರ್ಮದ ಪವಿತ್ರ ಕರ್ತೃ’ ಅನ್ನುವಲ್ಲಿ ‘ಯೇಸುಕ್ರಿಸ್ತ’ ಅಂತ ಹೆಸರು ಸೇರಿಸೋಣ ಅಂದರು. ಒಂದು ಹೆಸರು ತಾನೆ, ಸುಮ್ನೆ ಸೇರಿಸಿದರೆ ಏನಾಯಿತು ಅನಿಸಬಹುದು. ಸಭೆ ಭಾರಿ ಬಹುಮತದಿಂದ ಅದನ್ನು ತಳ್ಳಿಹಾಕಿತು. ಜೆಫರ್ಸನ್ 77ನೇ ವಯಸ್ಸಿನಲ್ಲಿ ಆತ್ಮಕಥೆ ಬರೆಯಲು ಕೂತಾಗ ಈ ಘಟನೆಯನ್ನು ಮರೆಯದೆ ಬರೆದರು. ಈ ಕಾನೂನಿನ ನೆರಳು ಯೆಹೂದಿ, ಯೆಹೂದಿಯಲ್ಲದವ, ಕ್ರೈಸ್ತ, ಮುಸಲ್ಮಾನ, ಹಿಂದೂ, ಯಾವುದನ್ನೂ ನಂಬದವ, ಎಲ್ಲರ ಮೇಲೂ ಇರಲಿ ಎಂಬುದೇ ಸಭೆಯ ಮನಸ್ಸಾಗಿತ್ತು, ಅದಕ್ಕೆ ಇದೇ ಸಾಕ್ಷಿ ಅಂತ. ಹೌದು, ‘ಹಿಂದೂ’ ಅಂತಲೇ ಇದೆ. ಅವತ್ತು ವರ್ಜೀನಿಯಾದಲ್ಲಿ ದೇವಸ್ಥಾನ ಇರಲಿಲ್ಲ. ಕಣ್ಣಿಗೆ ಕಾಣದವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು ಅಲ್ವಾ.

ಹಾಗಂತ ಪೂರ್ತಿ ಸಿಹಿ ಮಾಡಿ ಹೇಳಿದರೆ ನಿಮಗೆ ಮೋಸ ಮಾಡಿದಂತೆ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವವಿಲ್ಲ ಅಂತ ತೀರ್ಪು ಕೊಟ್ಟಿತು. ಥಿಂಡ್ ಸಿಖ್ಖರು, ತೀರ್ಪಿನಲ್ಲಿ ಅವರನ್ನು ಕರೆದದ್ದು ಹಿಂದೂ ಅಂತ. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ನಂಬಿಕೆಯ ವಿಷಯದಲ್ಲಿ ನಿಮ್ಮಂಥವರನ್ನು ವರ್ಜೀನಿಯಾ 1786ರಲ್ಲೇ ಒಳಗೆ ಬಿಟ್ಟುಕೊಂಡಿತ್ತು, ಪೌರತ್ವದ ಬಾಗಿಲನ್ನು ದೇಶ ಕಾನೂನು ಮಾಡಿ ತೆರೆದದ್ದು ಅದಾಗಿ 160 ವರ್ಷಕ್ಕೆ.

ಇದೇ ವಾದದ ಕೆಟ್ಟ ಬಳಕೆಯೂ ಇದೆ. ನಿಮ್ಮ ಯಜಮಾನರಿಗೆ ಬಂದ ಅನುಮಾನಕ್ಕೆ ಕಾರಣ ಇದೇ ಇರಬೇಕು. ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಹೊರಬಂದ ದಕ್ಷಿಣದ ರಾಜ್ಯಗಳು 1861ರಲ್ಲಿ ತಮ್ಮದೇ ಸಂವಿಧಾನ ಬರೆದುಕೊಂಡವು. ಹಳೆಯದರಲ್ಲಿ ಇಲ್ಲದ ದೇವರನ್ನು ಪೀಠಿಕೆಯಲ್ಲೇ ತಂದು, ಸರ್ವಶಕ್ತನ ಕೃಪೆ ಮತ್ತು ಮಾರ್ಗದರ್ಶನ ಬೇಡಿದವು. ಸ್ವಾತಂತ್ರ್ಯದ ಮಾತೂ ಅದೇ ಪೀಠಿಕೆಯಲ್ಲಿದೆ. ಅಲ್ಲಿಗೆ ನಿಲ್ಲಿಸದೆ ಒಂದನೇ ವಿಧಿಯವರೆಗೆ ಓದಿ. ನೀಗ್ರೋ ಗುಲಾಮರ ಮೇಲಿನ ಆಸ್ತಿ ಹಕ್ಕಿಗೆ ಧಕ್ಕೆ ತರುವ ಯಾವ ಕಾನೂನನ್ನೂ ಮಾಡಕೂಡದು ಅಂತ ಇದೆ. ಅದೇ ಬೈಬಲ್ ಓದಿದ ಫ್ರೆಡರಿಕ್ ಡಗ್ಲಾಸ್, ತಾವೇ ಗುಲಾಮರಾಗಿದ್ದು ತಪ್ಪಿಸಿಕೊಂಡು ಬಂದವರು, ಈ ನಾಡಿನ ಕ್ರೈಸ್ತಧರ್ಮಕ್ಕೂ ಕ್ರಿಸ್ತನ ಧರ್ಮಕ್ಕೂ ಅಗಾಧ ಅಂತರ ಕಾಣುತ್ತೇನೆ ಅಂತ 1845ರಲ್ಲಿ ಬರೆದಿದ್ದರು.

ನೂರು ವರ್ಷ ಆದಮೇಲೂ ಇದು ನಿಲ್ಲಲಿಲ್ಲ. ಹೋಟೆಲಿನಲ್ಲಿ ಬಣ್ಣ ನೋಡಿ ಜನರನ್ನು ಹೊರಗಿಡಬಾರದು ಅಂತ 1964ರಲ್ಲಿ ಕಾನೂನು ಬಂತು. ದಕ್ಷಿಣ ಕೆರೊಲಿನಾದಲ್ಲಿ ‘ಪಿಗ್ಗಿ ಪಾರ್ಕ್’ ಅನ್ನುವ ಬಾರ್ಬೆಕ್ಯೂ ಹೋಟೆಲುಗಳ ಮಾಲೀಕರು, ಕಪ್ಪು ಜನರಿಗೆ ಊಟ ಬಡಿಸುವುದು ನನ್ನ ನಂಬಿಕೆಗೆ ವಿರುದ್ಧ, ಈ ಕಾನೂನು ನನ್ನ ಧಾರ್ಮಿಕ ಸ್ವಾತಂತ್ರ್ಯ ಕಸಿಯುತ್ತದೆ ಅಂತ ವಾದಿಸಿದರು. 1968ರಲ್ಲಿ ಸುಪ್ರೀಂ ಕೋರ್ಟು ಇದರಲ್ಲಿ ಹುರುಳೇ ಇಲ್ಲ ಅಂತ ಬದಿಗೆ ಸರಿಸಿತು. ಗಮನಿಸಿ, ಜೈಲಿನಲ್ಲಿ ಕೂತ ಬ್ಯಾಪ್ಟಿಸ್ಟ್ ಬೋಧಕರು ಬಳಸಿದ್ದೂ ‘ನನ್ನ ಆತ್ಮಸಾಕ್ಷಿ’ ಅನ್ನುವ ಇದೇ ಮಾತನ್ನು. ಅವರು ತಮ್ಮ ಬಾಯಿ ಮುಚ್ಚಿಸಬೇಡಿ ಅಂತ ಕೇಳಿದರು. ಇವರು ಇನ್ನೊಬ್ಬರಿಗೆ ಬಾಗಿಲು ಮುಚ್ಚಲು ಬಿಡಿ ಅಂತ ಕೇಳಿದರು. ಭಾಷಣ ಕೇಳುವಾಗ ನಾನು ಮೊದಲು ಹುಡುಕುವುದು ಈ ತಿರುವನ್ನು. ತನ್ನ ಮನಸ್ಸಿನ ಸ್ವಾತಂತ್ರ್ಯ ಅಂತ ಶುರುವಾದ ಮಾತು ಯಾವ ವಾಕ್ಯದಲ್ಲಿ ಇನ್ನೊಬ್ಬರ ಬದುಕಿನ ಮೇಲಿನ ಅಧಿಕಾರವಾಯಿತು? ಬಹಳ ಸಲ ಒಂದು ‘ಆದ್ದರಿಂದ’ದ ಹಿಂದೆ ಅಡಗಿರುತ್ತದೆ.

ಧರ್ಮದ ಮಾತನ್ನೇ ಆಡಿ ಆ ತಿರುವಿಗೆ ಹೋಗದವರೂ ಇದ್ದಾರೆ. 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಮಾರ್ಟಿನ್ ಲೂಥರ್ ಕಿಂಗ್ ಬರೆದ ಪತ್ರದಲ್ಲಿ, ಅನ್ಯಾಯದ ಕಾನೂನು ಕಾನೂನೇ ಅಲ್ಲ ಎಂಬ ಸಂತ ಅಗಸ್ಟೀನನ ಮಾತು ಬರುತ್ತದೆ. ಇದೊಂದನ್ನೇ ಕತ್ತರಿಸಿಕೊಂಡು ಯಾರು ಬೇಕಾದರೂ ಯಾವ ಕಾನೂನನ್ನು ಬೇಕಾದರೂ ಮುರಿಯಬಹುದು. ಆದರೆ ಕಿಂಗ್ ಮುಂದೆ ಕಟ್ಟುಪಾಡು ಹಾಕಿಕೊಂಡಿದ್ದಾರೆ. ಮುರಿಯುವವನು ಬಹಿರಂಗವಾಗಿ, ಪ್ರೀತಿಯಿಂದ, ಶಿಕ್ಷೆ ಅನುಭವಿಸುವ ಸಿದ್ಧತೆಯಿಂದ ಮುರಿಯಬೇಕು ಅಂತ. ಬೆಲೆ ತೆರುವವನು ತಾನೇ ಆಗಿರಬೇಕು ಅಂತ ಅವರೇ ಒಪ್ಪಿಕೊಂಡಿದ್ದಾರೆ.

ಮಿತಿಯ ಪ್ರಶ್ನೆ ಬಂದಾಗ ಒಂದು ಹಡಗನ್ನು ನೆನಪಿಟ್ಟುಕೊಳ್ಳಿ. ನಗರಸಭೆಯಲ್ಲಿ ನಿಮಗೆ ಉಪಯೋಗಕ್ಕೆ ಬರುವುದೂ ಇದೇ. ರೋಜರ್ ವಿಲಿಯಮ್ಸ್ ಪ್ಯೂರಿಟನ್ ಅನ್ನುವ ಕಟ್ಟುನಿಟ್ಟಿನ ಕ್ರೈಸ್ತ ಪಂಥದ ಪಾದ್ರಿ. ಮನಸ್ಸಾಕ್ಷಿಯ ವಿಷಯದಲ್ಲಿ ಸರ್ಕಾರಕ್ಕೆ ಕೆಲಸವಿಲ್ಲ ಅಂದದ್ದೂ ಸೇರಿ ಹಲವು ಕಾರಣಕ್ಕೆ ಮ್ಯಾಸಚೂಸೆಟ್ಸ್ ವಸಾಹತು 1635ರಲ್ಲಿ ಅವರನ್ನು ಗಡಿಪಾರು ಮಾಡಿತು. ಮರುವರ್ಷ ಅವರು ಪ್ರಾವಿಡೆನ್ಸ್ ಊರು ಕಟ್ಟಿದರು. ಬಲವಂತದ ಪೂಜೆ ದೇವರ ಮೂಗಿಗೆ ನಾತ ಹೊಡೆಯುತ್ತದೆ ಎಂದವರು ಇವರೇ. ಚರ್ಚಿನ ತೋಟಕ್ಕೂ ಲೋಕದ ಕಾಡಿಗೂ ನಡುವೆ ಒಂದು ಗೋಡೆ ಬೇಕು ಅಂತ 1644ರಲ್ಲಿ ಬರೆದವರೂ ಇವರೇ. ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಅನ್ನುವ ಮಾತನ್ನು ಜೆಫರ್ಸನ್ ಆಡಿದ್ದು 1802ರಲ್ಲಿ.

ಸ್ವಾತಂತ್ರ್ಯ ಅಂತ ಊರು ಕಟ್ಟಿದ ಮೇಲೆ ಅಲ್ಲೊಂದು ತಂಟೆ ಶುರುವಾಯಿತು. ಮನಸ್ಸಾಕ್ಷಿಯ ಸ್ವಾತಂತ್ರ್ಯ ಇದೆಯಲ್ಲ, ಹಾಗಾದರೆ ಊರಿನ ಕಾವಲಿಗೆ ಆಯುಧ ಹಿಡಿಯಿರಿ ಅಂತ ನಮಗೆ ಹೇಳಬೇಡಿ ಅಂತ ಕೆಲವರು ತಕರಾರು ತೆಗೆದರು. 1655ರಲ್ಲಿ ವಿಲಿಯಮ್ಸ್ ಊರಿಗೆ ಒಂದು ಪತ್ರ ಬರೆದರು. ಒಂದು ಹಡಗು ಹೊರಟಿದೆ, ಅದರಲ್ಲಿ ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಯೆಹೂದಿಗಳು, ತುರ್ಕರು ಎಲ್ಲರೂ ಇದ್ದಾರೆ ಅಂದುಕೊಳ್ಳಿ. ಹಡಗಿನ ಪ್ರಾರ್ಥನೆಗೆ ಬನ್ನಿ ಅಂತ ಯಾರನ್ನೂ ಬಲವಂತ ಮಾಡಬಾರದು. ಅವರವರ ಪ್ರಾರ್ಥನೆ ಇದ್ದರೆ ಅದನ್ನು ತಡೆಯಲೂಬಾರದು. ಪತ್ರದ ಈ ಅರ್ಧ ಎಲ್ಲರಿಗೂ ಇಷ್ಟ. ಉಳಿದರ್ಧ ಹೀಗಿದೆ: ಹಡಗು ಯಾವ ದಿಕ್ಕಿಗೆ ಹೋಗಬೇಕು ಅಂತ ಹೇಳುವವನು ಕಪ್ತಾನನೇ. ಪ್ರಯಾಣಿಕರು ದುಡ್ಡು ಕೊಡಬೇಕು, ನಾವಿಕರು ಕೆಲಸ ಮಾಡಬೇಕು. ಹಡಗಿನ ಶಾಂತಿಗೆ, ರಕ್ಷಣೆಗೆ ಮಾಡಿದ ನಿಯಮ ಮುರಿದರೆ, ಕ್ರಿಸ್ತನಲ್ಲಿ ಎಲ್ಲರೂ ಸಮಾನರು, ಆದ್ದರಿಂದ ಕಪ್ತಾನನೇ ಬೇಡ ಅಂತ ಯಾರಾದರೂ ಬೋಧಿಸಿದರೆ, ಅವರನ್ನು ತಡೆಯುವ ಅಧಿಕಾರ ಕಪ್ತಾನನಿಗೆ ಇದೆ.

ಕೋರ್ಟುಗಳು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾ ಬಂದಿವೆ. ಬಹುಪತ್ನಿತ್ವದ ಒಂದು ಕೇಸಿನಲ್ಲಿ 1879ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಾನೂನು ನಂಬಿಕೆಯ ತಂಟೆಗೆ ಹೋಗಬಾರದು, ನಡತೆಯ ಮೇಲೆ ಹತೋಟಿ ಇಡಬಹುದು ಅಂದಿತು. ಉದಾಹರಣೆಗೆ ಎತ್ತಿಕೊಂಡದ್ದು ನಮ್ಮ ಸತಿ ಪದ್ಧತಿಯನ್ನು. ನಮ್ಮ ಸಂವಿಧಾನದ 25ನೇ ವಿಧಿಯೂ ಧರ್ಮದ ಹಕ್ಕಿಗೆ ಮುಂಚೆ ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳನ್ನು ಇಟ್ಟಿದೆ.

ಈಗ ನಿಮ್ಮ 3 ನಿಮಿಷ. ನಿಮ್ಮ ಮುಂದೆ ಮೂರು ದಾರಿ ಇವೆ.

ಅಭ್ಯರ್ಥಿಯ ಹಾಗೆ, ದೇವರು ಕೊಟ್ಟ ಹಕ್ಕು, ನೀವು ತಡೆಯುವಂತಿಲ್ಲ ಅಂತ ಶುರು ಮಾಡಬಹುದು. ಜೊತೆಯಲ್ಲಿ ಬಂದವರಿಗೆ ಹುರುಪು ಬರುತ್ತದೆ. ಆದರೆ ಅಲ್ಲಿ ಕೂತ ಸದಸ್ಯರ ತಲೆಯಲ್ಲಿ ಇರುವುದು ಪಾರ್ಕಿಂಗು, ಹಬ್ಬದ ದಿನದ ಟ್ರಾಫಿಕ್ಕು, ಮೈಕಿನ ಸದ್ದು. ಅವರು ಕಾರಿನ ವಿಷಯ ಕೇಳುವಾಗ ನೀವು ದೇವರ ವಿಷಯ ಹೇಳಿದರೆ ಮಾತುಕತೆ ಮುರಿದು ಬೀಳುತ್ತದೆ. ‘ಯಾವ ದೇವರು?’ ಅಂತ ಒಬ್ಬರು ಮನಸ್ಸಿನಲ್ಲೇ ಕೇಳಿಕೊಂಡರೂ ನಿಮ್ಮ ವಾದ ನಿಮಗೇ ತಿರುಗುತ್ತದೆ.

ಎರಡನೆಯದು, ದೇವರ ಹೆಸರೇ ಎತ್ತದೆ ಬರೀ ಕಾನೂನು ಹೇಳುವುದು. 2000ದಲ್ಲಿ ಬಂದ ಒಂದು ಕೇಂದ್ರ ಕಾನೂನಿದೆ. ಜಮೀನು ಬಳಕೆಯ ನಿಯಮಗಳಿಂದ ಪ್ರಾರ್ಥನಾ ಸ್ಥಳಗಳ ಮೇಲೆ, ತೀರಾ ಬಲವಾದ ಕಾರಣವಿಲ್ಲದೆ, ದೊಡ್ಡ ಹೊರೆ ಹಾಕಬಾರದು, ಬೇರೆ ಸಭಾಂಗಣಗಳಿಗಿಂತ ಅವನ್ನು ಕಡೆಯಾಗಿ ನೋಡಬಾರದು ಅಂತ ಅದು ಹೇಳುತ್ತದೆ. ವಕೀಲರಿಂದ ಇದನ್ನು ಬರೆಸಿ ಕಡತದಲ್ಲಿ ಸೇರಿಸಿ, ಅದು ಆಗಲೇಬೇಕು. ಆದರೆ 3 ನಿಮಿಷ ಪೂರ್ತಿ ಅದನ್ನೇ ಓದಿದರೆ ಕೇಸು ಹಾಕುವ ಬೆದರಿಕೆಯಂತೆ ಕೇಳಿಸುವ ಅಪಾಯವಿದೆ. ನಿಮಗೆ ದೇವಸ್ಥಾನ ಯಾಕೆ ಬೇಕು ಅನ್ನುವುದಂತೂ ಯಾರಿಗೂ ತಿಳಿಯುವುದಿಲ್ಲ.

ಮೂರನೆಯದು ನನಗೆ ಹಿಡಿಸುವ ದಾರಿ. ಮೊದಲ ಅರ್ಧ ನಿಮಿಷ ನಿಮ್ಮದೇ ಮಾತು. ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂರುವಾಗ ನಿಮಗೆ ಏನನಿಸುತ್ತದೆ, ಅದನ್ನು ಒಬ್ಬರೇ ಮಾಡುವುದಕ್ಕೂ ಹತ್ತು ಜನರ ಜೊತೆ ಕೂತು ಮಾಡುವುದಕ್ಕೂ ಏನು ವ್ಯತ್ಯಾಸ, ಅಷ್ಟೇ ಸಾಕು. ಯಾವ ಧರ್ಮದವರಿಗೂ ಅದು ಅರ್ಥವಾಗುತ್ತದೆ. ಆಮೇಲೆ, ಎದುರಿನ ಚರ್ಚಿಗೆ ಯಾವ ನಿಯಮವೋ ನಮಗೂ ಅದೇ ಇರಲಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ ಅನ್ನಿ. ಉಳಿದದ್ದು ಹಡಗಿನ ಉಳಿದರ್ಧ. ಕಾರು ಎಲ್ಲಿ ನಿಲ್ಲುತ್ತವೆ, ಮೈಕು ಎಷ್ಟು ಗಂಟೆಗೆ ಆಫ್ ಆಗುತ್ತದೆ, ಶಿವರಾತ್ರಿ ರಾತ್ರಿ ಅಕ್ಕಪಕ್ಕದವರು ಫೋನ್ ಮಾಡಬೇಕಾದರೆ ಯಾರಿಗೆ ಮಾಡಬೇಕು. ಇದರಲ್ಲೂ ಒಂದು ಅಪಾಯವಿದೆ. ಕೊಟ್ಟ ಮಾತು ಕಡತದಲ್ಲಿ ದಾಖಲಾಗುತ್ತದೆ, ನಾಳೆ ಅದನ್ನೇ ಷರತ್ತು ಮಾಡಬಹುದು. ನಡೆಸಲು ಆಗುವಷ್ಟನ್ನೇ ಒಪ್ಪಿಕೊಳ್ಳಿ, ಸಮಿತಿಯವರ ಜೊತೆ ಮೊದಲೇ ಕೂತು ತೀರ್ಮಾನ ಮಾಡಿ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ನಾಲ್ಕು ಸಲ ಓದಿ ನೋಡಿ. ಮಗನನ್ನು ಎದುರಿಗೆ ಕೂರಿಸಿ, ಅಡ್ಡ ಪ್ರಶ್ನೆ ಕೇಳುವುದು ಅವನಿಗೆ ಬರುತ್ತದೆ.

ವೋಟು ಯಾರಿಗೆ ಅಂತ ನಾನು ಹೇಳುವುದಿಲ್ಲ. ಮತದಾನಕ್ಕೆ ಇನ್ನೂ ದಿನವಿದ್ದರೆ ಆ ಅಭ್ಯರ್ಥಿಯ ಮತ್ತೊಂದು ಸಭೆಗೆ ಹೋಗಿ. ಪ್ರಶ್ನೆ ಕೇಳುವ ಅವಕಾಶ ಬಂದಾಗ ಎದ್ದು ನಿಂತು ಹೀಗೆ ಕೇಳಿ: “ದೇವರು ಕೊಟ್ಟ ಹಕ್ಕು ಅಂದಿರಿ, ನನಗೆ ತುಂಬಾ ಹಿಡಿಸಿತು. ಈ ಊರಲ್ಲಿ ನಾವೊಂದು ದೇವಸ್ಥಾನಕ್ಕೆ ಅನುಮತಿ ಕೇಳಿದ್ದೇವೆ. ನೀವು ನಮ್ಮ ಪರ ನಗರಸಭೆಗೆ ಒಂದು ಪತ್ರ ಬರೆದುಕೊಡ್ತೀರಾ?” ಅವರು ಉತ್ತರ ಶುರು ಮಾಡಿದ ಮೇಲೆ ನೀವು ಕೂರಬೇಡಿ, ಎರಡನೇ ವಾಕ್ಯದವರೆಗೂ ನಿಂತೇ ಇರಿ.